ಕೂಸಿನ ಜೊತೆ ಬೆಂಗಳೂರು: ಕಾಕಾನ ಮನೆ ಬಿಟ್ಟು ಲಾಡ್ಜ್ ಹಿಡಿದ ಮೇಲೆ

ಎರಡು ವರ್ಷದ ಕೂಸನ್ನು ಕರ್ಕೊಂಡು ಬೆಳಗಾವಿಯಿಂದ ಬೆಂಗಳೂರಿಗೆ ಹೋಗೋರಿಗೆ ನಾನು ಹೇಳೋದು ಇಷ್ಟೇ. ಸಂಬಂಧಿಕರ ಮನೆಯಲ್ಲಿ ಇಳೀಬೇಡಿ. ಮೆಟ್ರೋ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ ಒಂದು ಲಾಡ್ಜ್ ಹಿಡೀರಿ. ಮಧ್ಯಾಹ್ನದ ನಿದ್ದೆಗೆ ಏನೇ ಆಗಲಿ ರೂಮಿಗೆ ವಾಪಸ್ ಬನ್ನಿ.

ಇದನ್ನು ಮೊದಲು ಮನೆಯಲ್ಲಿ ಹೇಳಿದಾಗ ಯಾರೂ ಒಪ್ಪಲಿಲ್ಲ. "ಎರಡ ವರ್ಷದ ಕೂಸಿಗೆ ಬೆಂಗಳೂರ ಏನ ತಿಳೀತೈತಿ? ಸುಮ್ನ ರೊಕ್ಕ ಹಾಳ" ಅಂದರು ಅತ್ತೆಯವರು. ನಮ್ಮನೆಯವರ ಕಾಕಾ ಫೋನಿನಲ್ಲೇ ಸಿಟ್ಟಾದರು. "ನಾವೇನ ಸತ್ತೀವೇನಪಾ? ಮನಿ ಇಟಗೊಂಡ ಲಾಡ್ಜಿನ್ಯಾಗ ಇಳೀತೀರಿ?" ಅವರ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ಈ ಸಲ ಕೂಸು ವಾಂತಿ ಮಾಡಲಿಲ್ಲ, ಜ್ವರ ಬರಲಿಲ್ಲ, ಖರ್ಚೂ ಕಡಿಮೆ ಆಯಿತು. ಅದಕ್ಕೇ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಮೊದಲಿನ ಕಥೆ ಹೇಳ್ತೀನಿ. ಕಾಕಾನ ಮನೆ ಇರೋದು ಸರ್ಜಾಪುರ ರಸ್ತೆ ಕಡೆ. ಚೆಂದದ ಮನೆ, ಕಾಕು ಪ್ರೀತಿಯಿಂದ ನೋಡ್ಕೋತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲಿಗೆ ಹೋಗಬೇಕಂದರೂ ಕ್ಯಾಬ್. ಒಂದು ಕಡೆಗೆ 600-700 ರೂಪಾಯಿ, ಮಳೆ ಬಂದರೆ ಇನ್ನೂ ಜಾಸ್ತಿ. ಒಂದೂವರೆ ತಾಸು ಕಾರಿನಲ್ಲಿ ಕೂತರೆ ಕೂಸು ಮೊದಲು ಅಳುತ್ತೆ, ಆಮೇಲೆ ಮಲಗುತ್ತೆ, ಇಳಿಯೋ ಹೊತ್ತಿಗೆ ಎದ್ದು ಮತ್ತೆ ಅಳುತ್ತೆ. ಬನ್ನೇರುಘಟ್ಟಕ್ಕೆ ಹೋದ ದಿನ ಸಫಾರಿ ಬಸ್ಸಿನಲ್ಲಿ ಹುಲಿ ಪಕ್ಕದಲ್ಲೇ ಹಾದು ಹೋಯಿತು. ನಮ್ಮ ಮಗಳು ಬಾಯಿ ತೆರೆದು ಗಾಢ ನಿದ್ದೆ. ವಾಪಸ್ ಬರುವಾಗ ಕ್ಯಾಬಿನ ಸೀಟಿನ ಮೇಲೆ ವಾಂತಿ. ತೊಳೆಯೋದಕ್ಕೆ ಅಂತ ಡ್ರೈವರ್ 600 ಕೇಳಿದ, ಕೊಟ್ಟೆವು. ರಾತ್ರಿ ಮನೆಯಲ್ಲಿ ನೆಂಟರಿಷ್ಟರು, ಟಿವಿ, ಹನ್ನೊಂದರ ತನಕ ಮಾತು. ಕೂಸಿಗೆ ನಿದ್ದೆ ಇಲ್ಲ. ಮಾರನೇ ದಿನ ಜ್ವರ.

ಬಾಡಿಗೆ ಇಲ್ಲ ಅಂತ ಆ ಮನೆ ಪುಕ್ಕಟೆ ಅಂದ್ಕೊಂಡಿರ್ತೀವಿ ಅಲ್ವಾ? ಲೆಕ್ಕ ಹಾಕಿ ನೋಡಿ. ಬರಿಗೈಯಲ್ಲಿ ಹೋಗೋಕಾಗಲ್ಲ. ಕುಂದಾ, ಕರದಂಟು, ಕಾಕುಗೆ ಒಂದು ಸೀರೆ ಸೇರಿ 3,000. ಕ್ಯಾಬಿಗೆ ಹತ್ತಿರ ಹತ್ತಿರ 5,500. ರೈಲಿಗೆ 4,000. ಬನ್ನೇರುಘಟ್ಟ, ಮಾಲ್ ಅಂತ 2,500. ಆ ಸೀಟು ತೊಳೆದ ದುಡ್ಡು ಬೇರೆ. ಹದಿನೈದೂವರೆ ಸಾವಿರ ಮುಗಿದು ಹೋಗಿತ್ತು.

ಈ ಸಲ ಬಸವನಗುಡಿ ಕಡೆ, ಹಸಿರು ಮಾರ್ಗದ ಮೆಟ್ರೋ ಸ್ಟೇಷನ್ನಿಗೆ ಹತ್ತಿರ ಲಾಡ್ಜ್ ಹಿಡಿದೆವು. ದಿನಕ್ಕೆ 1,700. ಹೆಸರು ಹೇಳಲ್ಲ, ಹೇಳಿದರೆ ಮುಂದಿನ ಸಲ ನನಗೇ ರೂಮ್ ಸಿಗಲ್ಲ. ಮೆಜೆಸ್ಟಿಕ್‌ನಿಂದ ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ನ್ಯಾಷನಲ್ ಕಾಲೇಜ್, ಲಾಲ್‌ಬಾಗ್, ಇಷ್ಟೇ ದೂರ. ಮೆಜೆಸ್ಟಿಕ್‌ನಲ್ಲೇ ಇನ್ನೂ ಸೋವಿ ಲಾಡ್ಜ್ ಇವೆ, ಆದರೆ ರಾತ್ರಿಯೆಲ್ಲ ಗದ್ದಲ.

ಲಾಡ್ಜ್ ಹುಡುಕುವಾಗ ನಾನು ಫೋನಿನಲ್ಲಿ ಕೇಳೋದು ಮೂರೇ ಮಾತು. 24 ತಾಸಿನ ಚೆಕ್‌ಔಟಾ, ಮಧ್ಯಾಹ್ನ 12 ಗಂಟೆಯದಾ? ರಾತ್ರಿ ರೈಲು ಬೆಳಿಗ್ಗೆ ಏಳರ ಸುಮಾರಿಗೆ ಇಳಿಸುತ್ತೆ. 12 ಗಂಟೆಯ ಲೆಕ್ಕ ಇದ್ದರೆ ಆ ನಾಲ್ಕೈದು ತಾಸಿಗೆ ಇನ್ನೊಂದು ಅರ್ಧ ದಿನದ ಬಾಡಿಗೆ ಕೊಡಬೇಕು. ಬಿಸಿನೀರು ಎಷ್ಟು ಗಂಟೆಗೆ ಬರುತ್ತೆ? ಗಾದಿ ಕೆಳಗೆ ಹಾಸಿಕೊಂಡರೆ ನಡೆಯುತ್ತಾ? ಮೂರನೇ ಮಾತಿಗೆ ಬೇಜಾರು ಮಾಡ್ಕೊಳ್ಳೋ ಲಾಡ್ಜಿಗೆ ಕೂಸನ್ನು ಕರ್ಕೊಂಡು ಹೋಗಲೇಬೇಡಿ. ಅಲ್ಲಿ ಗೋಡೆಗೆ ಒಂದು ಕೈ ಮುಟ್ಟಿದರೂ ಬಂದು ಗದರುತ್ತಾರೆ.

ರೈಲಿನ ವಿಷಯ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಬರ್ತೂ ಇಲ್ಲ. ಅಂದರೆ ನಮ್ಮ ಬರ್ತಿನಲ್ಲೇ ಇಬ್ಬರೂ. ಇವಳು ಆರು ತಿಂಗಳವಳಿದ್ದಾಗ ಸೀರೆ ಕಟ್ಟಿ ಜೋಲಿ ಮಾಡಿ ಮಲಗಿಸಿದ್ದೆ, ಚೆನ್ನಾಗಿ ಆಗಿತ್ತು. ಹನ್ನೊಂದು ಕಿಲೋ ಆದ ಮೇಲೆ ಅದೇ ಜೋಲಿ ಕಟ್ಟಿದರೆ ಗಂಟು ಜಾರಿತು. ಪುಣ್ಯಕ್ಕೆ ಕೆಳಗೆ ನನ್ನ ಕೈ ಇತ್ತು. ಈಗ ಕೆಳಗಿನ ಬರ್ತಿನಲ್ಲಿ ಅವಳನ್ನು ಒಳಗಡೆ ಮಲಗಿಸಿ, ಓಡಾಡುವ ಕಡೆ ಕೌದಿಯನ್ನು ಸುರುಳಿ ಸುತ್ತಿ ಹೊಲದ ಬದುವಿನ ಹಾಗೆ ಇಡುತ್ತೇನೆ. ಸುರುಳಿಯ ಒಂದು ಅಂಚು ನನ್ನ ಬೆನ್ನಿನ ಕೆಳಗೆ ಸಿಕ್ಕಿಸಿಕೊಂಡಿರಬೇಕು, ಇಲ್ಲದಿದ್ದರೆ ರೈಲಿನ ಕುಲುಕಾಟಕ್ಕೆ ಕೌದಿಯೇ ಉರುಳುತ್ತೆ. ಮನೆಯ ಕೌದಿಯೇ ಆಗಬೇಕು. ತೊಳೆದು ಒಯ್ಯಬೇಡಿ, ಆ ವಾಸನೆಗೇ ಕೂಸು ಮಲಗೋದು. 2022ರಲ್ಲಿ ಲಖನೌ ಮೇಲ್‌ನಲ್ಲಿ ಕೆಳಗಿನ ಬರ್ತಿಗೆ ಪುಟ್ಟದೊಂದು ಕೂಸಿನ ಬರ್ತ್ ಜೋಡಿಸಿ ಪರೀಕ್ಷೆ ಮಾಡಿದ್ದರು. ನಮ್ಮ ಕಡೆ ಬರೋ ತನಕ ಕೌದಿಯೇ ಗತಿ.

ತಳ್ಳುಗಾಡಿ ಒಯ್ಯುವವರಿಗೆ ಒಂದು ಮಾತು. ನಾವೂ 4,000 ಕೊಟ್ಟು ತಗೊಂಡಿದ್ದೆವು. ಬೆಂಗಳೂರಿನ ಫುಟ್‌ಪಾತ್ ಮೇಲೆ ಹತ್ತು ಹೆಜ್ಜೆ ಓಡಿದರೆ ಹನ್ನೊಂದನೇ ಹೆಜ್ಜೆಗೆ ಕಲ್ಲು ಎದ್ದಿರುತ್ತೆ, ಇಲ್ಲ ಬೈಕ್ ನಿಂತಿರುತ್ತೆ. ಗಾಡಿಯನ್ನೂ ಎತ್ತಿ, ಕೂಸನ್ನೂ ಎತ್ತಿ ಸಾಕಾಯಿತು. 1,500ಕ್ಕೆ ಮಾರಿದೆವು. ಈಗ ಅಜ್ಜಿಯ ಹಳೇ ಇಳಕಲ್ ಸೀರೆಯನ್ನು ಅರ್ಧ ಮಾಡಿ ಸೊಂಟಕ್ಕೆ ಕಟ್ಟಿಕೊಳ್ಳುತ್ತೇನೆ. ಹೊಸ ಸೀರೆ ಜಾರುತ್ತೆ, ಇಪ್ಪತ್ತು ವರ್ಷ ಒಗೆದ ಸೀರೆ ಹಿಡಿದು ನಿಲ್ಲುತ್ತೆ.

ಈಗ ದಿನದ ಲೆಕ್ಕಕ್ಕೆ ಬರ್ತೀನಿ. ಬೆಳಿಗ್ಗೆ ಏಳಕ್ಕೆ ಲಾಲ್‌ಬಾಗ್, ನಡೆದೇ. ಬೆಳಗಿನ ವಾಕಿಂಗ್ ಹೊತ್ತಿನಲ್ಲಿ ದುಡ್ಡು ತಗೊಳ್ಳೋದಿಲ್ಲ. 240 ಎಕರೆ ತೋಟದಲ್ಲಿ ನಮ್ಮ ಮಗಳಿಗೆ ಬೇಕಾಗಿದ್ದು ಆ ದೊಡ್ಡ ಬಂಡೆ ಮಾತ್ರ. ಮುನ್ನೂರು ಕೋಟಿ ವರ್ಷ ಹಳೆಯ ಕಲ್ಲಂತೆ. ಅದರ ಮೇಲೆ ಹತ್ತೋದು, ಕೂತು ಜಾರೋದು, ಮತ್ತೆ ಹತ್ತೋದು. 1889ರ ಗಾಜಿನ ಮನೆ ಕಡೆ ತಿರುಗಿಯೂ ನೋಡಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಒಂಬತ್ತಕ್ಕೆ ರೂಮು, ಸ್ನಾನ, ತಿಂಡಿ. ಬೆಳಗಿನ ಆಫೀಸ್ ಹೊತ್ತಿನಲ್ಲಿ ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸೋ ಸಾಹಸ ಬೇಡವೇ ಬೇಡ. ಹನ್ನೆರಡೂವರೆಗೆ ಊಟ, ನಿದ್ದೆ, ಮೂರರ ತನಕ. ಆ ಹೊತ್ತಲ್ಲಿ ಒಬ್ಬರು ರೂಮಿನಲ್ಲಿ ಇದ್ದು ಇನ್ನೊಬ್ಬರು ಗಾಂಧಿ ಬಜಾರ್ ಸುತ್ತಿ ಬರಬಹುದು. ಸಂಜೆ ಒಂದೇ ಒಂದು ಜಾಗ, ಏಳಕ್ಕೆ ವಾಪಸ್.

ಎರಡು ವರ್ಷದ ಕೂಸಿಗೆ ಮೆಟ್ರೋನೇ ಪ್ರೇಕ್ಷಣೀಯ ಸ್ಥಳ. ಇದನ್ನು ಅರ್ಥ ಮಾಡ್ಕೊಂಡರೆ ಅರ್ಧ ಖರ್ಚು ಉಳಿಯುತ್ತೆ. ಲಾಲ್‌ಬಾಗ್‌ನಿಂದ ಸಿಲ್ಕ್ ಇನ್‌ಸ್ಟಿಟ್ಯೂಟ್ ತನಕ ಗಾಡಿ ಮೇಲೆಯೇ ಓಡುತ್ತೆ, ಕಿಟಕಿಗೆ ಮೂಗು ಒತ್ತಿ ನಿಂತರೆ ತೆಂಗಿನಮರದ ತಲೆ, ನೀರಿನ ಟ್ಯಾಂಕು, ಒಣಗಿ ಹಾಕಿದ ಬಟ್ಟೆ. ಮೂರಡಿಗಿಂತ ಗಿಡ್ಡ ಇರೋ ಮಕ್ಕಳಿಗೆ ಟಿಕೆಟ್ ಇಲ್ಲ. ನಮ್ಮ ಮಗಳು ಎರಡಡಿ ಹತ್ತಿಂಚು, ಮನೆಯ ಬಾಗಿಲಲ್ಲಿ ಗುರುತು ಹಾಕಿದ್ದೇವೆ. ಇನ್ನೆರಡು ಇಂಚು ಬೆಳೆಯೋದರೊಳಗೆ ಇನ್ನೊಮ್ಮೆ ಹೋಗಬೇಕು! ಕೊನೆಯ ಸ್ಟೇಷನ್ನಿನಲ್ಲಿ ಹೊರಗೆ ಬಂದು ಹೊಸ ಟಿಕೆಟ್ ತಗೊಂಡೇ ಮರಳಿ ಬನ್ನಿ. ಅದೇ ಟಿಕೆಟಿನಲ್ಲಿ ಹತ್ತಿದ ಕಡೆಯೇ ಇಳಿಯೋಕೆ ಹೋದರೆ ದಂಡ ಕಟ್ಟಬೇಕಾಗಬಹುದು.

ಒಂದು ತೊಂದರೆ ಮಾತ್ರ ನಾವು ಎಣಿಸಿರಲಿಲ್ಲ. ಒಳಗೆ ಹೋಗುವಾಗ ಬ್ಯಾಗುಗಳನ್ನು ಸ್ಕ್ಯಾನರಿನಲ್ಲಿ ಹಾಕಬೇಕಲ್ಲ, ಬ್ಯಾಗಿನ ಹೊರಗೆ ಸಿಕ್ಕಿಸಿದ್ದ ಅವಳ ಬಟ್ಟೆಗೊಂಬೆಯೂ ಹೋಯಿತು. ಆ ಕಪ್ಪು ಪರದೆಯೊಳಗೆ ಗೊಂಬೆ ಮಾಯವಾದದ್ದೇ ತಡ, ಇಡೀ ಸ್ಟೇಷನ್ ತಿರುಗಿ ನೋಡುವ ಹಾಗೆ ಚೀರಿದಳು. ಮುಂದಿನ ಸಲ ಗೊಂಬೆಗೆ ಟಾಟಾ ಹೇಳಿಸಿ, ಓಡಿ ಆ ಕಡೆ ಹೋಗಿ "ಬಂತ್ ನೋಡು" ಅಂತ ತೋರಿಸಿದೆವು. ಈಗ ತಾನೇ ಗೊಂಬೆ ಹಾಕ್ತಾಳೆ. ಹಿಂದೆ ನಿಂತವರಿಗೆ ಒಂದು ನಿಮಿಷ ತಡ, ಅಷ್ಟೇ.

ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲು ನಾವು ಹೋದ ದಿನ ಓಡುತ್ತಿತ್ತು, ಅಲ್ಲಿ ಭಾರೀ ಖುಷಿ. ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ ಡೈನೋಸಾರ್ ಕಂಡು ನನ್ನ ಕುತ್ತಿಗೆ ಬಿಡಲೇ ಇಲ್ಲ, ಐದೇ ನಿಮಿಷಕ್ಕೆ ಹೊರಗೆ ಬಂದೆವು. ವಿಧಾನಸೌಧ ಕಂಡ ಕೂಡಲೇ "ಮನಿ ಬಂತು, ಮನಿ ಬಂತು" ಅಂತ ಕುಣಿದಳು. ಬೆಳಗಾವಿಯ ಹಲಗಾ ಹತ್ತಿರ ಹೈವೇ ಪಕ್ಕದ ನಮ್ಮ ಸುವರ್ಣ ವಿಧಾನಸೌಧವನ್ನು ಹೋಗ್ತಾ ಬರ್ತಾ ನೋಡಿದವಳು, ಪಾಪ.

ಊಟಕ್ಕೆ ನಾನು ಪಟ್ಟ ಪಾಡು ಬೇರೆಯೇ. ಹೋಟೆಲ್ ಸಾಂಬಾರಿನ ಬೆಲ್ಲ ಇವಳಿಗೆ ಆಗಲ್ಲ, ಉಗುಳ್ತಾಳೆ. ಲಾಡ್ಜಿನ ಕೆಟಲಿನಲ್ಲಿ ಜೋಳದ ನುಚ್ಚು ಮಾಡೋಕೆ ಹೋದೆ. ಉಕ್ಕಿ ಬಂದು, ತಳ ಹತ್ತಿ, ರೂಮೆಲ್ಲ ಸುಟ್ಟ ವಾಸನೆ. ಕೆಟಲ್ ತಿಕ್ಕೋದಕ್ಕೇ ಅರ್ಧ ತಾಸು. ಆಮೇಲೆ ಹುರಿದ ಗೋಧಿ ರವೆ, ಹುರಿದು ಪುಡಿ ಮಾಡಿದ ಹೆಸರುಬೇಳೆ, ಉಪ್ಪು, ಜೀರಿಗೆ ಕೂಡಿಸಿ ಮನೆಯಿಂದಲೇ ಒಯ್ದೆ. ಥರ್ಮಾಸಿಗೆ ಹಾಕಿ ಕುದಿಯುವ ನೀರು ಸುರಿದು ಅರ್ಧ ತಾಸು ಮುಚ್ಚಿಟ್ಟರೆ ಅನ್ನದಷ್ಟು ಮೆತ್ತಗಾಗುತ್ತೆ. ರವೆ ಸಣ್ಣದೇ ಇರಬೇಕು, ದಪ್ಪ ರವೆ ನಡುವೆ ಗಟ್ಟಿ ಉಳಿಯುತ್ತೆ. ಇದರಲ್ಲಿ ಇನ್ನೊಂದು ಸಾಮಾನು ಬೀಳುತ್ತೆ, ಅದು ನಮ್ಮವ್ವನದು, ನಾನು ಹೇಳೋ ಹಾಗಿಲ್ಲ.

ಗದ್ದಲದಲ್ಲಿ ತಪ್ಪಿಸಿಕೊಂಡರೆ ಅನ್ನೋ ಹೆದರಿಕೆಗೆ ಎರಡು ಪ್ರಯೋಗ ಮಾಡಿದೆ. ಕಾಲ್ಗೆಜ್ಜೆ ಹಾಕಿದರೆ ಸಪ್ಪಳ ಕೇಳುತ್ತೆ ಅಂದ್ಕೊಂಡೆ. ಲಾಲ್‌ಬಾಗ್‌ನಲ್ಲಿ ಕೇಳಿತು, ಮೆಜೆಸ್ಟಿಕ್‌ನಲ್ಲಿ ದೇವರಾಣೆ ಕೇಳಲ್ಲ. ಕೈ ಮೇಲೆ ಪೆನ್ನಿನಿಂದ ಫೋನ್ ನಂಬರ್ ಬರೆದರೆ ಒಂದು ಸ್ನಾನಕ್ಕೆ ಹೋಯಿತು. ಆಗ ಮೆಹಂದಿ ಕೋನ್ ತಂದು ಮುಂಗೈ ಒಳಭಾಗದಲ್ಲಿ ಬರೆದೆ. ಕೋನಿನಿಂದ ಬರೆದರೆ ದಪ್ಪವಾಗಿ 3 ಯಾವುದು 8 ಯಾವುದು ತಿಳಿಯಲ್ಲ. ಕಡ್ಡಿಯ ತುದಿಯಿಂದ ಬರೆಯಬೇಕು, ಮಲಗಿದ ಮೇಲೆ ಬರೆಯಬೇಕು. ಊರಿಗೆ ಬಂದು ಒಂದು ವಾರ ಆದರೂ ಇನ್ನೂ ಕಾಣುತ್ತಿತ್ತು.

ಒಂದು ಸಂಜೆ ಬಿಎಂಟಿಸಿ ಬಸ್ಸೂ ಹತ್ತಿದೆವು. ಶಕ್ತಿ ಯೋಜನೆಯಲ್ಲಿ ನನಗೆ ಪುಕ್ಕಟೆ, ಕೂಸಿಗೂ ಪುಕ್ಕಟೆ, ನಮ್ಮನೆಯವರೊಬ್ಬರೇ ಟಿಕೆಟ್ ತಗೊಂಡು ಮುಖ ಸಪ್ಪಗೆ ಮಾಡಿಕೊಂಡಿದ್ದರು. ಭಾನುವಾರ ಆದರೆ ಅಡ್ಡಿಯಿಲ್ಲ, ಬೇರೆ ದಿನ ಆ ಟ್ರಾಫಿಕ್‌ನಲ್ಲಿ ಬಸ್ ಬೇಡ.

ವಾಪಸ್ ಬರುವಾಗ ವಂದೇ ಭಾರತ್ ಹತ್ತಿ ನೋಡಿದೆವು. 2025ರ ಆಗಸ್ಟ್‌ನಲ್ಲಿ ಬೆಳಗಾವಿಗೆ ಬಂತಲ್ಲ, ಅದು. ಮಧ್ಯಾಹ್ನ ಹೊರಟು ರಾತ್ರಿ ಮಲಗೋ ಹೊತ್ತಿಗೆ ಊರು. ಗಾಡಿ ಸೊಗಸಾಗಿದೆ. ಆದರೆ ಕೂಸಿಗೆ ಸೀಟಿಲ್ಲ, ಎಂಟು ತಾಸಿಗಿಂತ ಜಾಸ್ತಿ ತೊಡೆ ಮೇಲೆ. ತುಮಕೂರಿನಿಂದ ಹಾವೇರಿ ತನಕ ನಡುವಿನ ದಾರಿಯಲ್ಲಿ ಅವಳು ಮುಂದೆ, ನಾನು ಹಿಂದೆ. ಮುಂದಿನ ಸಲ ಮತ್ತೆ ರಾತ್ರಿ ರೈಲೇ.

ಈ ಸಲದ ಲೆಕ್ಕ ನೆನಪಿದ್ದಷ್ಟು: ಹೋಗುವಾಗ ರೈಲು 2,100, ಬರುವಾಗ 2,500, ಲಾಡ್ಜ್ 5,100, ಮೆಟ್ರೋ, ಆಟೋ ಸೇರಿ 900, ಊಟಕ್ಕೆ 2,200. ಹದಿಮೂರು ಸಾವಿರದೊಳಗೆ ಮುಗೀತು. ಕಾಕಾ-ಕಾಕುರನ್ನು ಭಾನುವಾರ ಲಾಲ್‌ಬಾಗ್‌ಗೇ ಕರೆಸಿಕೊಂಡು ಕುಂದಾ ಅಲ್ಲೇ ಕೊಟ್ಟೆವು. ಸೀರೆ ಖರ್ಚು ಉಳೀತು.

ಇನ್ನೂ ಬಗೆಹರಿಯದೇ ಇರೋದು ರೈಲಿನ ಸಂಡಾಸು. ಮನೆಯಲ್ಲಿ ಡೈಪರ್ ಬಿಡಿಸಿದ್ದೇವೆ, ಆದರೆ ರೈಲಿನಲ್ಲಿ ಆ ಸದ್ದಿಗೆ ಹೆದರಿ ಕೂರೋದೇ ಇಲ್ಲ. ಮಡಚುವ ಪ್ಲಾಸ್ಟಿಕ್ ಸೀಟ್ ಒಯ್ದೆ, ಅದರ ಮೇಲೆ ಗೊಂಬೆ ಕೂರಿಸಿ ಆಟ ಆಡಿದಳು. ಗಾಡಿ ನಿಂತಾಗ ಕರ್ಕೊಂಡು ಹೋದರೆ ಕೂರ್ತಾಳೆ, ಆದರೆ ಅವಳಿಗೆ ಬಂದಾಗಲೆಲ್ಲ ಗಾಡಿ ನಿಲ್ಲಲ್ಲವಲ್ಲ. ಸದ್ಯಕ್ಕೆ ರೈಲಿನ ರಾತ್ರಿಗೆ ಮಾತ್ರ ಡೈಪರ್ ಹಾಕ್ತಿದ್ದೀನಿ. ಯಾರಾದರೂ ಬೇರೆ ದಾರಿ ಕಂಡುಕೊಂಡಿದ್ದರೆ ಹೇಳಿ, ದಸರಾ ರಜೆಗೆ ಮುಂಬೈ ಟಿಕೆಟ್ ತೆಗೆದಾಗಿದೆ.