ಸಂಗಮ ಒಂದೇ ಅಲ್ಲ: ಶ್ರೀರಂಗಪಟ್ಟಣದ ದಡಗಳನ್ನು ನಾನು ಆರಿಸುವ ರೀತಿ

ಮೈಸೂರಿನಿಂದ ಒಂದು ದಿನದ ಟ್ರಿಪ್ ಮಾಡಿಸುವವರ ಪಟ್ಟಿ ನಿಮಗೆ ಗೊತ್ತೇ ಇದೆ. ರಂಗನಾಥಸ್ವಾಮಿ, ದರಿಯಾ ದೌಲತ್, ಗುಂಬಜ್, ಕೊನೆಗೆ ಕಾವೇರಿಯ ಎರಡು ಕವಲು ಸೇರುವ ಸಂಗಮದಲ್ಲಿ ಅರ್ಧ ಗಂಟೆ. ನಾನು ಇದನ್ನು ತಿರುಗಿಸಿ ಹಾಕಿದೆ. ಮೊದಲು ನದಿ ದಡ, ಆಮೇಲೆ ಮಿಕ್ಕಿದ್ದು. ಅದರಲ್ಲೂ ಯಾವ ದಡ ಅನ್ನೋದನ್ನು ಬುಕ್ಕಿಂಗ್ ತಗೊಳ್ಳುವಾಗ ಹೇಳೋದಿಲ್ಲ. ಹಿಂದಿನ ದಿನ ಸಂಜೆ ತೀರ್ಮಾನ ಮಾಡುತ್ತೇನೆ. "ಜಾಗದ ಹೆಸರೇ ಹೇಳದೆ ಇದ್ರೆ ಯಾರ್ ದುಡ್ಡು ಕೊಡ್ತಾರೆ ಸಾರ್?" ಅಂತ ನಮ್ಮ ಲೈನಿನವರೇ ಕೇಳಿದ್ದರು. ಈಗ ಶನಿವಾರ, ಭಾನುವಾರ ನನ್ನ ಗಾಡಿಯಲ್ಲಿ ಸೀಟು ಸಿಗೋದು ಕಷ್ಟ. ಕೇಳಿದವರಲ್ಲಿ ಇಬ್ಬರು ತಮ್ಮ ಗಿರಾಕಿಗಳನ್ನು ನನ್ನ ಕಡೆಗೇ ಕಳಿಸುತ್ತಿದ್ದಾರೆ.

ಶುರುವಿನಲ್ಲಿ ದುಡ್ಡು ಹೋದದ್ದೇ ಜಾಸ್ತಿ. ಹನ್ನೆರಡು ಸೀಟಿನ ಟಿಟಿ (ಟೆಂಪೊ ಟ್ರಾವೆಲರ್), ಡ್ರೈವರ್ ಬಾಟಾ, ಡೀಸೆಲ್ ಎಲ್ಲ ಸೇರಿ ಐದು ಸಾವಿರದ ಹತ್ತಿರ. ಊಟ, ತಿಂಡಿ ಬೇರೆ. ತಲೆಗೆ ಏಳುನೂರು ತಗೊಂಡರೆ ಗಾಡಿ ತುಂಬಿದಾಗ ಮಾತ್ರ ಒಂದಿಷ್ಟು ಉಳಿಯುತ್ತಿತ್ತು. ಒಂದು ಜುಲೈ ತಿಂಗಳಲ್ಲಿ ಕನ್ನಂಬಾಡಿ ಅಣೆಕಟ್ಟೆಯಿಂದ, ಅಂದರೆ ಕೆಆರ್‌ಎಸ್‌ನಿಂದ, ನೀರು ಬಿಟ್ಟರು. ಸಂಗಮದ ದಾರಿಯಲ್ಲಿ ಬ್ಯಾರಿಕೇಡ್ ಬಿತ್ತು. ಗಾಡಿ ತುಂಬ ಜನ, ನೋಡಲು ದಡವೇ ಇಲ್ಲ. ಅರ್ಧ ದುಡ್ಡು ವಾಪಸ್ ಕೊಟ್ಟೆ. ಇನ್ನೊಂದು ಸಲ ಅಮಾವಾಸ್ಯೆ. ಬೆಂಗಳೂರಿನ ಒಂದು ಮನೆಯವರು ಚಿಕ್ಕ ಮಕ್ಕಳನ್ನು ಕರಕೊಂಡು ಪಶ್ಚಿಮವಾಹಿನಿಗೆ ಬಂದಿದ್ದರು. ದಡದ ತುಂಬ ಅಸ್ಥಿ ವಿಸರ್ಜನೆ, ಪಿಂಡ ಪ್ರದಾನ, ನೀರಲ್ಲಿ ಬಿಟ್ಟ ಬಟ್ಟೆ. ಆ ಜಾಗಕ್ಕೆ ಜನ ಬರೋದೇ ಅದಕ್ಕೆ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನೂ ಅಲ್ಲೇ ಬಿಟ್ಟಿದ್ದು. ದುಃಖದಲ್ಲಿ ಬಂದವರ ಪಕ್ಕದಲ್ಲಿ ನಾವು ಚಾಪೆ ಹಾಸಿ ಬಿಸಿಬೇಳೆಬಾತ್ ಬಡಿಸೋಕೆ ಆಗುತ್ತಾ? ಗಾಡಿ ತಿರುಗಿಸಿದೆವು. ಆ ಎರಡು ತಿಂಗಳಲ್ಲಿ ನನ್ನ ಕೈಯಿಂದ ಹತ್ತಿರ ಹತ್ತಿರ ಮೂವತ್ತು ಸಾವಿರ ಹೋಯಿತು.

ಈಗ ನಾನು ಮಾಡೋದು ಹೀಗೆ. ಮೊದಲು ಪೇಪರಿನಲ್ಲಿ ಬರುವ ಕೆಆರ್‌ಎಸ್ ಹೊರಹರಿವು ನೋಡುತ್ತೇನೆ. ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಜನ ಗಮನಿಸೋದಿಲ್ಲ. ಬೇಸಿಗೆ ಬೆಳೆಗೆ ನೀರು ಬಿಟ್ಟ ದಿನಗಳಲ್ಲಿ ಪೇಪರಿನ ಅಂಕಿಯಷ್ಟೂ ನದಿಗೆ ಬರೋದಿಲ್ಲ. ವಿಶ್ವೇಶ್ವರಯ್ಯ ನಾಲೆಗೆ ಹೋಗೋದೂ ಅದರಲ್ಲಿ ಸೇರಿರುತ್ತದೆ, ಆ ನೀರು ಅಣೆಕಟ್ಟೆಯಿಂದಲೇ ನೇರ ಮಂಡ್ಯದ ಗದ್ದೆಗಳ ಕಡೆ ಹೊರಟು ಹೋಗುತ್ತದೆ. ಐದು ಸಾವಿರ ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ ನೀರು) ಅಂತ ಓದಿ ಹೆದರಿ ಟ್ರಿಪ್ ಕ್ಯಾನ್ಸಲ್ ಮಾಡಿದವರಿದ್ದಾರೆ. ಅದೇ ದಿನ ನಾನು ಹೋಗಿದ್ದೇನೆ, ಬಂಡೆಗಳೆಲ್ಲ ಮೇಲೆ ಕಾಣುತ್ತಿದ್ದವು. ನದಿಗೆ ಎರಡು ಸಾವಿರದ ಒಳಗೆ ಇದ್ದರೆ ನನ್ನ ಲೆಕ್ಕದಲ್ಲಿ ಒಳ್ಳೆ ದಿನ. ಹತ್ತು ಸಾವಿರ ದಾಟಿದರೆ ಮೆಟ್ಟಿಲ ಮೇಲೆ ಕೂತು ನೋಡೋದಷ್ಟೇ. ಐವತ್ತು ಸಾವಿರ ಅಂದರೆ ದಡದ ಮಾತೇ ಬೇಡ, ಕರಿಘಟ್ಟ ಬೆಟ್ಟ ಹತ್ತಿಸುತ್ತೇನೆ. ಮೇಲಿಂದ ಇಡೀ ನದಿ ಕಾಣುತ್ತದೆ, ಕೆಳಗೆ ಲೋಕಪಾವನಿ ನದಿ ಬಂದು ಸೇರೋದೂ ಕಾಣುತ್ತದೆ. ಪ್ರವಾಹ ನೋಡಬೇಕು ಅನ್ನುವವರಿಗೆ ಅದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ.

ಆಮೇಲೆ ವೆಲ್ಲೆಸ್ಲಿ ಸೇತುವೆ. 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಟ್ಟಿದ್ದು, ಸಾಲಾಗಿ ಕಲ್ಲಿನ ಕಂಬ. ನನಗೆ ಅದೇ ಅಳತೆಗೋಲು. ಶ್ರೀರಂಗಪಟ್ಟಣ ಒಂದು ದ್ವೀಪ, ನದಿ ಅದರ ಎರಡೂ ಕಡೆ ಕವಲಾಗಿ ಹರಿಯುತ್ತದೆ. ಕಂಬ ಎಷ್ಟು ಕಾಣುತ್ತದೆ ಅನ್ನೋದನ್ನು ನೋಡಿದರೆ ಉತ್ತರದ ಕವಲಿನ ಕಥೆ ಗೊತ್ತಾಗುತ್ತದೆ. ದಕ್ಷಿಣದ ಕವಲನ್ನು ಬೇರೆಯಾಗಿಯೇ ನೋಡಬೇಕು. ಎರಡರಲ್ಲೂ ನೀರು ಒಂದೇ ಥರ ಇರೋದಿಲ್ಲ.

ದಡಕ್ಕೆ ಹೋದ ಮೇಲೆ ನಾನು ಮೊದಲು ನೋಡೋದು ಮೆಟ್ಟಿಲು. ನೀರಿನ ಅಂಚಿಗಿಂತ ಮೇಲೆ ಒಂದು ಗೇಣು ಕಲ್ಲು ಒದ್ದೆಯಾಗಿ ಕಪ್ಪಗಿದ್ದರೆ ನೀರು ಇಳಿಯುತ್ತಿದೆ. ಕೆಳಕ್ಕೆ ಕೂತುಕೊಳ್ಳಬಹುದು. ನೀರು ನೇರವಾಗಿ ಒಣ ಕಲ್ಲನ್ನೇ ಮುಟ್ಟುತ್ತಿದ್ದು, ಅಂಚಿನಲ್ಲಿ ಒಣಗಿದ ಎಲೆ, ಕಡ್ಡಿ, ಧೂಳು, ಬಿಳಿ ನೊರೆ ತೇಲುತ್ತಿದ್ದರೆ ನೀರು ಏರುತ್ತಿದೆ ಅಂತ. ನಿನ್ನೆ ಒಣಗಿ ಬಿದ್ದಿದ್ದ ಕಸವನ್ನು ಎತ್ತಿಕೊಂಡು ಬರುತ್ತಿರುತ್ತದೆ. ಅಂಥ ದಿನ ಮಕ್ಕಳ ಕಾಲೂ ನೆನೆಯೋಕೆ ಬಿಡೋದಿಲ್ಲ. ಅಣೆಕಟ್ಟೆಯಿಂದ ಬಿಟ್ಟ ನೀರು ಸದ್ದು ಮಾಡಿಕೊಂಡು ಬರೋದಿಲ್ಲ, ಕಲ್ಲಿಂದ ಕಲ್ಲಿಗೆ ಹತ್ತುತ್ತಾ ಬರುತ್ತದೆ. ಇದನ್ನು ನನಗೆ ತೋರಿಸಿಕೊಟ್ಟವರು ಒಬ್ಬರು ತೆಪ್ಪದವರು. ಎಲ್ಲರೂ ನೀರಿಗೆ ಇಳಿಯೋಕೆ ನಿಂತಿದ್ದಾಗ ಅವರು ಆ ನೊರೆ ತೋರಿಸಿ, "ಇವತ್ತು ಬ್ಯಾಡ ಕಣ್ಸಾ, ಏರ್ತಾ ಅದೆ" ಅಂದರು. ಊಟ ಮುಗಿಸುವಷ್ಟರಲ್ಲಿ ಎರಡು ಮೆಟ್ಟಿಲು ಮುಳುಗಿದ್ದವು.

ಅಳತೆಗೆ ಬೇರೆ ಬೇರೆ ಪ್ರಯೋಗ ಮಾಡಿದ್ದೇನೆ. ಒಂದು ಕಡೆ ಕಲ್ಲಿಗೆ ಕೆಂಪು ಪೇಂಟ್ ಗುರುತು ಹಾಕಿದೆ, ಒಂದೇ ಮಳೆಗಾಲಕ್ಕೆ ಪಾಚಿ ಮುಚ್ಚಿ ಹೋಯಿತು. ಬಿದಿರು ಕೋಲು ನೆಟ್ಟೆ, ಯಾರೋ ಮೀನು ಹಿಡಿಯೋಕೆ ತಗೊಂಡು ಹೋದರು. ಕೊನೆಗೆ ಉಳಿದದ್ದು ಒಣ ತೆಂಗಿನ ಮಟ್ಟೆ. ನೀರಿಗೆ ಬಿಟ್ಟು ದಡದಲ್ಲಿ ಅದರ ಜೊತೆಗೇ ನಡೆಯುತ್ತೇನೆ. ನನ್ನ ನಡಿಗೆಗಿಂತ ಮುಂದೆ ಓಡಿದರೆ ಯಾರೂ ನೀರಿಗೆ ಇಳಿಯುವ ಹಾಗಿಲ್ಲ. ನಿಂತ ನೀರಿಗೂ ಇಳಿಸೋದಿಲ್ಲ. ಜೊಂಡು ಬೆಳೆದು ಆಳವಾಗಿ ಮಡುಗಟ್ಟಿದ ಕಡೆ ನೋಡೋಕೆ ಬಹಳ ಚೆನ್ನಾಗಿರುತ್ತದೆ. ಆದರೆ ನದಿಯ ಮೇಲ್ಗಡೆ ರಂಗನತಿಟ್ಟು ಪಕ್ಷಿಧಾಮ ಇದೆ, ಈ ನದಿಯಲ್ಲಿ ಮೊಸಳೆ ಇವೆ. ಇದರಲ್ಲಿ ರಾಜಿ ಇಲ್ಲ.

ನೀರು ಸರಿ ಇದ್ದರೆ ಮಿಕ್ಕಿದ್ದು ಜನ ಮತ್ತು ಬಿಸಿಲು. ನಿಮಿಷಾಂಬ ದೇವಸ್ಥಾನದ ಘಟ್ಟಕ್ಕೆ ಭಾನುವಾರ, ಹುಣ್ಣಿಮೆ ದಿನ ಹೋಗೋದೇ ಇಲ್ಲ. ಮಂಗಳವಾರ, ಶುಕ್ರವಾರವೂ ರಶ್ಶು. ಬುಧವಾರ ಬೆಳಿಗ್ಗೆ ಹೋಗಿ ನೋಡಿ, ಮೆಟ್ಟಿಲ ಮೇಲೆ ಆರಾಮವಾಗಿ ಕೂತು ಕಾಫಿ ಕುಡಿಯಬಹುದು. ಸಂಗಮಕ್ಕೆ ಹೋಗುವುದಾದರೆ ಬೆಳಿಗ್ಗೆ ಏಳು ಗಂಟೆಗೇ ಅಲ್ಲಿರಬೇಕು. ದ್ವೀಪದ ಪೂರ್ವದ ತುದಿ ಅದು, ಎರಡೂ ಕವಲು ಸೇರುವ ಕಡೆ ಎಳೆ ಬಿಸಿಲು ಬೀಳುತ್ತದೆ. ತೆಪ್ಪಕ್ಕೂ ಆಗ ಕಾಯೋದು ಬೇಡ. ಹತ್ತು ಗಂಟೆ ಮೇಲೆ ಅಲ್ಲಿ ನನಗೆ ಕೆಲಸ ಇಲ್ಲ. ಪಶ್ಚಿಮವಾಹಿನಿಯನ್ನು ನಾನು ಬಿಟ್ಟಿಲ್ಲ, ಸಂಜೆಗೆ ಇಟ್ಟುಕೊಂಡಿದ್ದೇನೆ. ಕಾರ್ಯಗಳು ಹೆಚ್ಚಾಗಿ ಬೆಳಿಗ್ಗೆಯೇ ಮುಗಿಯುತ್ತವೆ. ನದಿ ಅಲ್ಲಿ ಪಶ್ಚಿಮಕ್ಕೆ ತಿರುಗೋದರಿಂದ ಸೂರ್ಯ ನೀರಿನ ದಾರಿಯಲ್ಲೇ ಮುಳುಗುತ್ತಾನೆ. ವಯಸ್ಸಾದವರು ಇದ್ದರೆ ಅಲ್ಲಿಂದ ಎದ್ದು ಬರೋಕೇ ಮನಸ್ಸು ಮಾಡೋದಿಲ್ಲ.

ಇದಲ್ಲದೆ ಗಂಜಾಂ ದಾಟಿದ ಮೇಲೆ ಇನ್ನೊಂದು ದಡ ಇದೆ. ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆದು ಹೋಗಬೇಕು. ಹೊಂಗೆ ಮರದ ನೆರಳು, ಮೊಣಕಾಲಷ್ಟು ನೀರು, ಕೆಳಗೆ ಗಟ್ಟಿ ಮರಳು. ಗದ್ದೆಯವರಿಗೆ ಪ್ರತಿ ಸಲ ಐನೂರು ಕೊಡುತ್ತೇನೆ, ಎಲೆ, ಪ್ಲಾಸ್ಟಿಕ್ಕು ಏನೂ ಬಿಡದೆ ಮೂಟೆ ಕಟ್ಟಿ ವಾಪಸ್ ತರುತ್ತೇನೆ. ಅದು ಎಲ್ಲಿ ಅಂತ ಮಾತ್ರ ಕೇಳಬೇಡಿ. ನನ್ನ ಹಳೆ ಗಿರಾಕಿಗಳು ವಾಪಸ್ ಬರೋದು ಅದಕ್ಕೇ.

ಮಧ್ಯೆ ಆಲೆಮನೆ ಸೇರಿಸಿ ನೋಡಿದೆ. ಬಿಸಿ ಬೆಲ್ಲ ಜನರಿಗೆ ಇಷ್ಟ ಆಯಿತು, ಆದರೆ ಮಂಡ್ಯ ಕಡೆ ಹೋಗಿ ಬರುವಷ್ಟರಲ್ಲಿ ಸಂಜೆ ದಡ ತಪ್ಪುತ್ತಿತ್ತು. ಕೈಬಿಟ್ಟೆ.

ಈಗ ತಲೆಗೆ ಒಂಬೈನೂರು ತಗೊಳ್ಳುತ್ತೇನೆ, ಊಟ ಸೇರಿ. ಗಾಡಿ ತುಂಬಿದರೆ ಖರ್ಚು ಕಳೆದು ಎರಡು, ಎರಡೂವರೆ ಸಾವಿರ ಉಳಿಯುತ್ತದೆ. ಅಡ್ವಾನ್ಸ್ ಮುನ್ನೂರು. ನೀರು ಜಾಸ್ತಿ ಆಗಿ ನಾನೇ ರದ್ದು ಮಾಡಿದರೆ ಅಷ್ಟನ್ನೂ ವಾಪಸ್ ಕೊಡುತ್ತೇನೆ, ಇದನ್ನು ಫೋನಿನಲ್ಲೇ ಮೊದಲು ಹೇಳಿಬಿಡುತ್ತೇನೆ. ಜೂನ್ ಕೊನೆಯಿಂದ ದಸರಾವರೆಗೆ ಸಂಜೆ ಆರಕ್ಕೆ ಮುಂಚೆ ಮರುದಿನದ ಟ್ರಿಪ್ ಖಾತ್ರಿ ಮಾಡೋದಿಲ್ಲ. ಡ್ರೈವರಿಗೂ ಹಾಗೇ ಮಾತಾಡಿಟ್ಟಿದ್ದೇನೆ: ಹಿಂದಿನ ರಾತ್ರಿ ರದ್ದಾದರೆ ಅರ್ಧ ಬಾಟಾ ಅವರಿಗೆ.