ಜನಗಣತಿ ನಕ್ಷೆ: ಮೊದಲು ಕೋಡ್ ಕೂಡಲಿ, ಬಣ್ಣ ಆಮೇಲೆ

ಜಿಲ್ಲೆಗೊಂದು ಬಣ್ಣ ಬಳಿದ ನಕ್ಷೆಗಳು ಈಗ ವರದಿ, ಪ್ರಬಂಧ, ವಾಟ್ಸ್‌ಆ್ಯಪ್ ಎಲ್ಲೆಂದರಲ್ಲಿ ಸಿಗುತ್ತವೆ. ಬಣ್ಣವೇನೋ ಚೆನ್ನಾಗಿರುತ್ತದೆ. ಅದರ ಹಿಂದಿನ ಅಂಕಿ ಮಾತ್ರ ಎಷ್ಟೋ ಸಲ ಪಕ್ಕದ ತಾಲ್ಲೂಕಿನದು, ಇಲ್ಲವೇ ಇಡೀ ಜಿಲ್ಲೆಯ ಬದಲು ಅದರ ಹಳ್ಳಿಗಳದ್ದಷ್ಟೇ ಆಗಿರುತ್ತದೆ. ಹೊಸಬರು ಎಡವುವುದೂ ಇಲ್ಲಿಯೇ, ಕೋಷ್ಟಕವನ್ನು ನಕ್ಷೆಗೆ ಜೋಡಿಸುವಾಗ. ಹೀಗಾಗಿ ಈ ಲೇಖನದಲ್ಲಿ ಆ ಹಂತಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ನಕ್ಷೆ ತಯಾರಿಸಲು ಬಳಸುವ ತಂತ್ರಾಂಶ ಕ್ಯೂಜಿಐಎಸ್. ಉಚಿತವಾಗಿ ಸಿಗುತ್ತದೆ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ. ದುಬಾರಿ ತಂತ್ರಾಂಶದ ಕಳ್ಳ ಪ್ರತಿಗಾಗಿ ಅಲೆಯುವವರು ಈಗಲೂ ಇದ್ದಾರೆ. ಈ ಕೆಲಸಕ್ಕೆ ಅದರ ಅಗತ್ಯವೇ ಇಲ್ಲ.

ಅಂಕಿ ಮತ್ತು ಗಡಿ

ಭಾರತದ ಜನಗಣತಿ ಜಾಲತಾಣದಲ್ಲಿ 2011ರ ‘ಪ್ರಾಥಮಿಕ ಜನಗಣತಿ ಸಾರ’, ಅಂದರೆ ಊರುವಾರು ಜನಸಂಖ್ಯೆ, ಸಾಕ್ಷರರು ಮೊದಲಾದ ಅಂಕಿಗಳ ಕೋಷ್ಟಕ, ಎಕ್ಸೆಲ್ ರೂಪದಲ್ಲಿದೆ. 2021ರ ಗಣತಿ ನಡೆಯಲೇ ಇಲ್ಲ, ಮುಂದಿನದು 2027ರದು. ಅದರ ಅಂಕಿ ಕೈಗೆ ಬರುವವರೆಗೆ 2011ರದ್ದೇ ಗತಿ. ಗಡಿಯ ಕಡತವೂ (ಜಿಲ್ಲೆ, ತಾಲ್ಲೂಕುಗಳ ಗಡಿರೇಖೆಗಳಿರುವ ಕಂಪ್ಯೂಟರ್ ಕಡತ) ಅದೇ ಕಾಲದ್ದಾಗಿರಬೇಕು. 2011ರಲ್ಲಿ ಕರ್ನಾಟಕದಲ್ಲಿ 30 ಜಿಲ್ಲೆ, 176 ತಾಲ್ಲೂಕು ಇದ್ದವು. ವಿಜಯನಗರ ಜಿಲ್ಲೆ ಹುಟ್ಟಿದ್ದೇ 2021ರಲ್ಲಿ. ಇಂದಿನ 31 ಜಿಲ್ಲೆಗಳ ನಕ್ಷೆಗೆ ಅಂದಿನ ಅಂಕಿ ಜೋಡಿಸಿದರೆ ವಿಜಯನಗರ ಖಾಲಿ ಉಳಿಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಅರ್ಧಕ್ಕಿಳಿದ ಬಳ್ಳಾರಿಯ ಮೇಲೆ ಅಖಂಡ ಬಳ್ಳಾರಿಯ ಜನಸಂಖ್ಯೆ ಬಂದು ಕೂರುತ್ತದೆ.

ಇಡೀ ದೇಶದ ನಕ್ಷೆ ಮಾಡುವುದಾದರೆ ಹೊರಗಡಿ ಭಾರತೀಯ ಸರ್ವೇಕ್ಷಣಾ ಇಲಾಖೆಯದ್ದೇ ಇರಲಿ. ವಿದೇಶಿ ತಾಣಗಳಲ್ಲಿ ಸಿಗುವ ಕಡತಗಳಲ್ಲಿ ಜಮ್ಮು ಮತ್ತು ಕಾಶ್ಮೀರದ ಗಡಿಯನ್ನು ನಮ್ಮ ಅಧಿಕೃತ ನಕ್ಷೆಯಂತೆ ಎಳೆದಿರುವುದಿಲ್ಲ.

ಜೋಡಣೆ: ಎಲ್ಲರೂ ಮುಗ್ಗರಿಸುವ ಜಾಗ

ಮೊದಲು ಕೋಷ್ಟಕವನ್ನು ಸೋಸಿ. ಅದರಲ್ಲಿ ಪ್ರತಿ ಜಿಲ್ಲೆಗೂ ತಾಲ್ಲೂಕಿಗೂ ಒಟ್ಟು, ಗ್ರಾಮೀಣ, ನಗರ ಎಂದು ಬೇರೆ ಬೇರೆ ಸಾಲುಗಳಿರುತ್ತವೆ. ಸೋಸದೆ ಜೋಡಿಸಿದರೆ ತಂತ್ರಾಂಶ ಅವುಗಳಲ್ಲಿ ಯಾವುದೋ ಒಂದನ್ನು ಎತ್ತಿಕೊಂಡು ಸುಮ್ಮನಾಗುತ್ತದೆ, ದೋಷದ ಸಂದೇಶವನ್ನೂ ಕೊಡುವುದಿಲ್ಲ. ‘ಒಟ್ಟು’ ಸಾಲುಗಳನ್ನು ಮಾತ್ರ ಉಳಿಸಿಕೊಳ್ಳಿ. ಜಿಲ್ಲೆ, ತಾಲ್ಲೂಕು, ಹಳ್ಳಿ ಮೂರೂ ಒಂದೇ ಹಾಳೆಯಲ್ಲಿದ್ದರೆ ನಿಮಗೆ ಬೇಕಾದ ಮಟ್ಟವನ್ನಷ್ಟೇ ಬಿಟ್ಟು ಉಳಿದದ್ದನ್ನು ತೆಗೆಯಿರಿ.

ಹೆಸರಿನ ಮೇಲೆ ಎಂದಿಗೂ ಜೋಡಿಸಬೇಡಿ. ಹಳೆಯ ಇಂಗ್ಲಿಷ್ ಕಡತದಲ್ಲಿ ಗುಲ್ಬರ್ಗಾ, ಬೆಳಗಾಂ, ಶಿಮೊಗ ಎಂದಿರುತ್ತದೆ. 2014ರ ನವೆಂಬರ್ 1ರ ನಂತರ ಮಾಡಿದ ಕಡತದಲ್ಲಿ ಕಲಬುರಗಿ, ಬೆಳಗಾವಿ, ಶಿವಮೊಗ್ಗ. ತಂತ್ರಾಂಶಕ್ಕೆ ಇವು ಬೇರೆ ಬೇರೆ ಊರುಗಳು. ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಉಳಿದಿದ್ದರೂ ಸಾಕು, ಜೋಡಣೆ ಕೈಕೊಡುತ್ತದೆ.

ಜೋಡಿಸಬೇಕಾದದ್ದು ಜನಗಣತಿಯ ಕೋಡ್ ಮೇಲೆ, ಅಂದರೆ ಪ್ರತಿ ರಾಜ್ಯ, ಜಿಲ್ಲೆ, ತಾಲ್ಲೂಕಿಗೆ ಗಣತಿಯಲ್ಲಿ ಕೊಟ್ಟ ಗುರುತಿನ ಸಂಖ್ಯೆಯ ಮೇಲೆ. ಕರ್ನಾಟಕಕ್ಕೆ 29, ಜಿಲ್ಲೆಗೆ ಮೂರಂಕಿ, ತಾಲ್ಲೂಕಿಗೆ ಐದಂಕಿ. ತಾಲ್ಲೂಕಿನ ಕೋಡ್ ಸೊನ್ನೆಯಿಂದ ಶುರುವಾಗುತ್ತದೆ, ಎಡವಟ್ಟಿನ ಮೂಲವೂ ಆ ಸೊನ್ನೆಯೇ. ಎಕ್ಸೆಲ್ ಅದನ್ನು ಸಂಖ್ಯೆಯೆಂದು ಭಾವಿಸಿ ಮುಂದಿನ ಸೊನ್ನೆಯನ್ನು ನುಂಗಿಬಿಡುತ್ತದೆ. ಗಡಿಯ ಕಡತದಲ್ಲಿ ಅದೇ ಕೋಡ್ ಸೊನ್ನೆ ಸಮೇತ ಪಠ್ಯವಾಗಿ ಕುಳಿತಿರುತ್ತದೆ. ಎರಡೂ ತಾಳೆಯಾಗುವುದಿಲ್ಲ. ಕೋಡ್ ಅಂಕಣವನ್ನು ಎಕ್ಸೆಲ್‌ನಲ್ಲೇ ಪಠ್ಯವೆಂದು ಗುರುತಿಸಿ, ಇಲ್ಲವೇ ಕ್ಯೂಜಿಐಎಸ್‌ನ ಫೀಲ್ಡ್ ಕ್ಯಾಲ್ಕ್ಯುಲೇಟರ್‌ನಲ್ಲಿ ಎಲ್‌ಪ್ಯಾಡ್ ಸೂತ್ರ ಬಳಸಿ ಐದಂಕಿಯಾಗುವವರೆಗೆ ಎಡಕ್ಕೆ ಸೊನ್ನೆ ತುಂಬಿ. ಕೋಡ್ ಪಠ್ಯವಾಗಿರಬೇಕು, ಜನಸಂಖ್ಯೆ ಸಂಖ್ಯೆಯಾಗಿರಬೇಕು. ಇದು ತಿರುವುಮುರುವಾದರೆ ಮುಂದೆ ಬಣ್ಣ ಹಚ್ಚುವಾಗ ನಿಮ್ಮ ಅಂಕಣ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ.

ಇಷ್ಟಾದ ಮೇಲೆ ಕೋಷ್ಟಕವನ್ನು ಯುಟಿಎಫ್-8 ಸಿಎಸ್‌ವಿಯಾಗಿ (ಕನ್ನಡ ಅಕ್ಷರ ಕೆಡದಂಥ ಸರಳ ಪಠ್ಯರೂಪದ ಕೋಷ್ಟಕವಾಗಿ) ಉಳಿಸಿ. ಕ್ಯೂಜಿಐಎಸ್‌ನಲ್ಲಿ ಗಡಿಯ ಪದರದ ಪ್ರಾಪರ್ಟೀಸ್ ತೆರೆದು, ಜಾಯಿನ್ಸ್‌ನಲ್ಲಿ ಎರಡೂ ಕಡೆಯ ಕೋಡ್ ಅಂಕಣ ಆರಿಸಿ. ಜೋಡಣೆಯಾಯಿತೆಂದು ನಂಬಿ ಮುಂದೆ ಹೋಗಬೇಡಿ. ಕೋಷ್ಟಕ ತೆರೆದು ಜನಸಂಖ್ಯೆಯ ಅಂಕಣವನ್ನು ಏರಿಕೆಯ ಕ್ರಮಕ್ಕೆ ತನ್ನಿ, ‘ನಲ್’ (ಅಂಕಿ ಸಿಗದೆ ಖಾಲಿ) ಎಂದಿರುವ ಸಾಲುಗಳಿವೆಯೇ ನೋಡಿ. ಒಟ್ಟು ಕೂಡಿಸಿದರೆ ಕರ್ನಾಟಕಕ್ಕೆ 6,10,95,297 ಬರಬೇಕು. ಒಬ್ಬರ ವ್ಯತ್ಯಾಸವಿದ್ದರೂ ಹಿಂದಕ್ಕೆ ಹೋಗಿ ಹುಡುಕಿ. ಸರಿ ಬಂದರೆ ಜಿಯೋಪ್ಯಾಕೇಜ್ ಎಂಬ ನಕ್ಷೆ ಕಡತದ ರೂಪದಲ್ಲಿ ಹೊಸದಾಗಿ ಉಳಿಸಿ. ಶೇಪ್‌ಫೈಲ್ ಎಂಬ ಹಳೆಯ ರೂಪ ಬೇಡ, ಅದು ಅಂಕಣದ ಹೆಸರನ್ನು ಹತ್ತು ಅಕ್ಷರಕ್ಕೆ ಕತ್ತರಿಸುತ್ತದೆ.

ಸಂಖ್ಯೆಯಲ್ಲ, ಪ್ರಮಾಣ

ಬರೀ ಜನಸಂಖ್ಯೆಗೆ ಬಣ್ಣ ಹಚ್ಚಿದರೆ ಯಾವ ಜಿಲ್ಲೆ ದೊಡ್ಡದು ಎಂಬುದಷ್ಟೇ ಕಾಣುತ್ತದೆ. ಸಾಂದ್ರತೆ, ಶೇಕಡಾವಾರು, ಲಿಂಗಾನುಪಾತ (ಸಾವಿರ ಗಂಡಸರಿಗೆ ಎಷ್ಟು ಹೆಂಗಸರು), ಇಂಥವಕ್ಕೇ ಬಣ್ಣ ಸಲ್ಲುವುದು. ಭಾಗಿಸುವಾಗ ಛೇದವನ್ನು ನೋಡಿಕೊಳ್ಳಿ. ಸಾಕ್ಷರತೆಯನ್ನು ಲೆಕ್ಕ ಹಾಕುವುದು ಏಳು ವರ್ಷ ಮತ್ತು ಮೇಲ್ಪಟ್ಟವರಿಗೆ ಮಾತ್ರ. ರಾಜ್ಯದ 4,06,47,322 ಸಾಕ್ಷರರನ್ನು ಒಟ್ಟು ಜನಸಂಖ್ಯೆಯಿಂದ ಭಾಗಿಸಿದರೆ ಶೇ 66.53 ಬರುತ್ತದೆ, ಆರು ವರ್ಷದವರೆಗಿನ 71,61,033 ಮಕ್ಕಳನ್ನು ಕಳೆದು ಭಾಗಿಸಿದರೆ ಶೇ 75.36. ಎರಡನೆಯದೇ ಸರಿ.

ತರಗತಿ, ಬಣ್ಣ

ಅದೇ ಪ್ರಾಪರ್ಟೀಸ್‌ನ ಸಿಂಬಾಲಜಿಯಲ್ಲಿ ಗ್ರ್ಯಾಜುಯೇಟೆಡ್ ಆರಿಸಿ. ಅಂಕಿಗಳನ್ನು ತರಗತಿಗಳಾಗಿ, ಅಂದರೆ ಬಣ್ಣಕ್ಕೊಂದರಂತೆ ಗುಂಪುಗಳಾಗಿ ಒಡೆಯುವುದು ಅದೇ. ತರಗತಿ ಐದು ಸಾಕು, ಏಳಾದರೆ ಕಣ್ಣು ಸೋಲುತ್ತದೆ.

ಸಮಾನ ಅಂತರದ ತರಗತಿಗಳು ಜನಸಾಂದ್ರತೆಗೆ ಆಗಿಬರುವುದಿಲ್ಲ. ಬೆಂಗಳೂರು ನಗರ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 4,381 ಮಂದಿ, ಕೊಡಗಿನಲ್ಲಿ 135. ಬೆಂಗಳೂರನ್ನು ಬಿಟ್ಟರೆ ಉಳಿದ 29ರಲ್ಲಿ ಯಾವುದೂ 500 ಮುಟ್ಟುವುದಿಲ್ಲ. ಐದು ಸಮಭಾಗ ಮಾಡಿದರೆ ಮೊದಲ ತರಗತಿಯೇ 980ರ ಆಸುಪಾಸಿನವರೆಗೆ ಹೋಗುತ್ತದೆ. ಅಂದರೆ 29 ಜಿಲ್ಲೆ ಒಂದೇ ಬಣ್ಣ, ಬೆಂಗಳೂರು ಇನ್ನೊಂದು, ನಡುವಿನ ಮೂರು ಬಣ್ಣ ಸೂಚಿಯಲ್ಲಿ (ಬಣ್ಣಗಳ ಅರ್ಥ ಹೇಳುವ ಪಟ್ಟಿಯಲ್ಲಿ) ಮಾತ್ರ! ಸಮಸಂಖ್ಯೆಯ ವಿಧಾನದಲ್ಲಿ ತರಗತಿಗೆ ಆರರಂತೆ ಜಿಲ್ಲೆಗಳು ಬೀಳುತ್ತವೆ, ಬೆಂಗಳೂರು ಇನ್ನೈದರ ಗುಂಪಿನಲ್ಲಿ ಮರೆಯಾಗುತ್ತದೆ. ನಾನು ಅಂಕಿಗಳ ನಡುವೆ ಸಹಜವಾಗಿ ಅಂತರ ಬಿದ್ದಲ್ಲಿ ತರಗತಿ ಒಡೆಯುವ ‘ನ್ಯಾಚುರಲ್ ಬ್ರೇಕ್ಸ್’ ವಿಧಾನದಿಂದ ಶುರುಮಾಡಿ, ಗಡಿ ಅಂಕಿಗಳನ್ನು ಕೈಯಿಂದಲೇ 200, 300 ಎಂದು ಸುತ್ತುಮಾಡುತ್ತೇನೆ. 2001ರ ಜೊತೆ ಹೋಲಿಸುವ ನಕ್ಷೆಯಾದರೆ ಎರಡಕ್ಕೂ ಒಂದೇ ತರಗತಿ ಕೊಡಲೇಬೇಕು. ಆಗ 27 ಜಿಲ್ಲೆಗಳಿದ್ದವು ಎಂಬುದೂ ನೆನಪಿರಲಿ.

ಬಣ್ಣ ಒಂದೇ ಇರಲಿ, ತಿಳಿಯಿಂದ ಗಾಢಕ್ಕೆ. ಕಾಮನಬಿಲ್ಲು ಬೇಡವೇ ಬೇಡ, ಹಳದಿ ಹೆಚ್ಚೋ ನೇರಳೆ ಹೆಚ್ಚೋ ಓದುಗನಿಗೆ ಹೇಗೆ ಗೊತ್ತಾಗಬೇಕು? ಲಿಂಗಾನುಪಾತಕ್ಕೆ ಮಾತ್ರ ಎರಡು ಬಣ್ಣ ಒಪ್ಪುತ್ತವೆ, ನಡುವಿನ ತಿಳಿಬಣ್ಣ 1,000ಕ್ಕೆ ನಿಲ್ಲಬೇಕು: ಉಡುಪಿಯ 1,094 ಒಂದು ಕಡೆ, ಬೆಂಗಳೂರು ನಗರದ 916 ಇನ್ನೊಂದು ಕಡೆ. ಕೆಂಪು–ಹಸಿರು ಜೋಡಿ ಬಿಡಿ, ವರ್ಣಾಂಧರಿಗೆ ಅವೆರಡೂ ಒಂದೇ ಥರ ಕಾಣುತ್ತವೆ.

ಹೆಸರು, ಮುದ್ರಣ

ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿಟ್ಟ ಜಿಲ್ಲೆಯ ಹೆಸರುಗಳು ನಕ್ಷೆಯ ಮೇಲೆ ಕಲಸುಮೇಲೋಗರವಾಗುತ್ತವೆ. ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಪ್ರಿಂಟ್ ಲೇಔಟ್‌ನಲ್ಲಿ ಶೀರ್ಷಿಕೆ, ವರ್ಷ, ಮೂಲ, ಸೂಚಿ, ಅಳತೆಪಟ್ಟಿ ಸಾಕು. ಕಾಲು ಪುಟ ನುಂಗುವ ಉತ್ತರದ ಬಾಣ ಯಾರಿಗೂ ಬೇಕಿಲ್ಲ. ಪತ್ರಿಕೆಗೆ ಕಳುಹಿಸುವುದಾದರೆ ಪಿಡಿಎಫ್, ಚಿತ್ರವೇ ಬೇಕೆಂದರೆ 300 ಡಿಪಿಐ. ಪರದೆಯ ಸ್ಕ್ರೀನ್‌ಶಾಟ್ ತೆಗೆದು ಕಳುಹಿಸಬೇಡಿ, ಅಚ್ಚಿನಲ್ಲಿ ಸೂಚಿಯ ಅಂಕಿಗಳೇ ಓದಲು ಬರುವುದಿಲ್ಲ.