ಸಂಘದಲ್ಲಿ ಜಗಳ ಆಗಿದ್ದು ದುಡ್ಡಿಗಲ್ಲ

ತುಮಕೂರು ಕಡೆ ಹಳ್ಳಿ ನಮ್ದು. ಊರಿನ ಸ್ತ್ರೀಶಕ್ತಿ ಸಂಘದಲ್ಲಿ 11 ವರ್ಷದಿಂದ ಲೆಕ್ಕ ಬರೀತಿದೀನಿ, ಮಧ್ಯೆ 4 ವರ್ಷ ಪ್ರತಿನಿಧಿನೂ ಆಗಿದ್ದೆ. 2000-01ರಲ್ಲಿ ಸರ್ಕಾರ ಸ್ತ್ರೀಶಕ್ತಿ ಶುರು ಮಾಡ್ದಾಗ ಅಂಗನವಾಡಿ ಟೀಚರ್ರು ಮನೆಮನೆ ತಿರುಗಿ ಹೆಂಗಸ್ರನ್ನ ಸೇರಿಸಿದ್ರಲ್ಲ, ಆಗಿನ ಸಂಘನೇ ಇದು. ನಮ್ಮತ್ತೆ ಮೊದಲ್ನೇ ದಿನದಿಂದ ಇದ್ರು, ಅವರ ಕಣ್ಣು ಮಂಜಾದ್ಮೇಲೆ ಆ ಜಾಗಕ್ಕೆ ನಾನು ಬಂದೆ. 15 ಜನ, ವಾರಕ್ಕೆ 50 ರೂಪಾಯಿ ಉಳಿತಾಯ, ಒಳಸಾಲಕ್ಕೆ, ಅಂದ್ರೆ ಸಂಘದ ದುಡ್ಡಲ್ಲೇ ನಮ್ಮೊಳಗೆ ಕೊಡೋ ಸಾಲಕ್ಕೆ, ನೂರಕ್ಕೆ 2 ರೂಪಾಯಿ ಬಡ್ಡಿ.

ಬಂದ ಎರಡನೇ ವರ್ಷದಲ್ಲೇ ಸಂಘ ಒಡೆಯೋ ಹಂಗೆ ಮಾಡ್ದವಳು ನಾನೇ, ಅದನ್ನ ಮೊದ್ಲು ಹೇಳ್ಬಿಡ್ತೀನಿ.

ಮೂಲೆಮನೆ ಅಕ್ಕ ಅಂತ ಇದಾರೆ, ಬೋರ್‌ವೆಲ್ ಮೋಟ್ರು ಸುಟ್ಟೋಯ್ತು ಅಂತ 8,000 ಸಾಲ ತಗೊಂಡಿದ್ರು, ಮೂರು ಕಂತು ಬಾಕಿ. ನಾನು ಹೊಸಬ್ಳು, ಲೆಕ್ಕ ನೀಟಾಗಿರ್ಬೇಕು ಅನ್ನೋ ಹುರುಪು ಬೇರೆ, ಸಭೇಲಿ ಎಲ್ಲರ ಮುಂದೆ ಅವರ ಹೆಸರು ಓದಿ ಮೂರು ಕಂತಿಗೂ ದಂಡ ಎಷ್ಟಾಯ್ತು ಅಂತ್ಲೂ ಹೇಳ್ದೆ. ನಿಯಮದ ಪ್ರಕಾರ ತಪ್ಪೇನಿಲ್ಲ. ಅಕ್ಕ ಒಂದ್ ಮಾತಾಡ್ಲಿಲ್ಲ, ಪಾಸ್‌ಬುಕ್ ಚಾಪೆ ಮೇಲಿಟ್ಟು ಸೆರಗು ಸಿಕ್ಕಿಸ್ಕೊಂಡು ಎದ್ದು ಹೋದ್ರು. ಮುಂದಿನ ವಾರ ಅವರೂ ಇಲ್ಲ, ಅವರ ವಾರಗಿತ್ತೀನೂ ಇಲ್ಲ. ಅದರ ಮುಂದಿನ ವಾರ ನಾಲ್ಕು ಜನ ಇಲ್ಲ. ನಲ್ಲಿ ಹತ್ರ ನೀರು ಹಿಡಿಯೋಕೆ ಹೋದ್ರೆ ಒಂದು ಪಾರ್ಟಿ ನನ್ನ ನೋಡಿ ಮಾತು ನಿಲ್ಲಿಸೋದು, ಇನ್ನೊಂದು ಪಾರ್ಟಿ ನೀನು ಮಾಡಿದ್ದೇ ಸರಿ ಬಿಡು ಅಂತ ಕಿವಿ ಕಚ್ಚೋದು. ಎರಡನೇದೇ ಜಾಸ್ತಿ ಡೇಂಜರ್ ಕಣ್ರೀ.

ಪ್ರತಿನಿಧಿಗಳಿಬ್ಬರನ್ನ ಕರ್ಕೊಂಡು ಮೂರು ಜನ ಅವರ ಮನೆಗೆ ಹೋದ್ವಿ. ಜಗಲಿ ಮೇಲೆ ಯಜಮಾನ್ರು ಕೂತಿದ್ರು, ನಾವು ಪೊಲೀಸ್ನೋರ ಥರ ಸಾಲಾಗಿ ನಿಂತಿದ್ವಿ, ಅಕ್ಕ ಒಳಗಿಂದ ಬರ್ಲೇ ಇಲ್ಲ. ಆಮೇಲೊಂದಿನ ಸಂಜೆ ಡೈರೀಲಿ ಹಾಲು ಹಾಕಿ ಖಾಲಿ ಕ್ಯಾನ್ ಹಿಡ್ಕೊಂಡು ವಾಪಸ್ ಬರ್ತಿದ್ದ ಅಕ್ಕನ ಜೊತೆ ನಾನೂ ಹೆಜ್ಜೆ ಹಾಕ್ದೆ, ಒಬ್ಳೇ. ಸಂಘದ ಮಾತೇ ಎತ್ಲಿಲ್ಲ, ಅವರ ಹಸು ಗಬ್ಬ ಆಗಿತ್ತು, ಅದರ ವಿಷಯ ಕೇಳ್ತಾ ಹೋದೆ. ಹುಣಸೆಮರದ ಹತ್ರ ಬರೋ ಹೊತ್ಗೆ ಅವರೇ ಅಂದ್ರು, "ದುಡ್ಡು ಕೇಳಿದ್ದಕ್ಕಲ್ಲ ಕಣಮ್ಮ. ಅವತ್ತು ಬೆಳಿಗ್ಗೆ ನಿಮ್ಮನೆಗೆ ಬಂದು ಮಜ್ಜಿಗೆ ಇಸ್ಕೊಂಡು ಹೋದ್ನಲ್ಲ, ಆಗ್ಲೇ ನಂಗೊಬ್ಳಿಗೆ ಹೇಳ್ಬೋದಿತ್ತಲ್ಲ."

ನಂಗೆ ಬಾಯೇ ಬರ್ಲಿಲ್ಲ. ತಪ್ಪಾಯ್ತಕ್ಕ ಅಂದೆ ಅಷ್ಟೆ.

ಅವತ್ತಿಂದ ಯಾರ್ದೇ ಬಾಕಿ ಇರ್ಲಿ, ಸಭೆಯ ಹಿಂದಿನ ದಿನ ಅವರ ಮನೆಗೋಗಿ ಅವರಿಗೊಬ್ಬರಿಗೇ ಹೇಳ್ಬಿಡ್ತೀನಿ. ಹಂಗಂತ ಸಭೇಲಿ ಓದದೇ ಬಿಡೋಕಾಗಲ್ಲ, ಒಂದ್ಸಲ ಬಿಟ್ಟು ನೋಡ್ದೆ, ನಿಂಗೆ ಬೇಕಾದೋರ್ದು ಮುಚ್ಚಿಡ್ತೀಯ ಅಂತ ಬೈಸ್ಕೊಂಡೆ. ಅದಕ್ಕೆ ಈಗ 15 ಜನದ್ದೂ ಪೂರ್ತಿ ಓದ್ತೀನಿ, ಮೊದ್ಲು ನಂದೇ ಲೆಕ್ಕ, ನನ್ನ ಬಾಕಿ ಇದ್ರೆ ಅದೇ ಮೊದಲು.

ಟ್ರೈನಿಂಗ್‌ಗೆ ಹೋದಾಗೆಲ್ಲ ಪಂಚಸೂತ್ರ ಹೇಳಿಸ್ತಾರೆ, ತಪ್ಪದೆ ಸಭೆ, ಉಳಿತಾಯ, ಒಳಸಾಲ, ಸಕಾಲಕ್ಕೆ ಮರುಪಾವತಿ, ಲೆಕ್ಕಪುಸ್ತಕ. ಬೇಕೇಬೇಕು ಅವು, ಬ್ಯಾಂಕ್‌ನೋರು ಆಸ್ತಿ ಅಡಮಾನ ಇಲ್ದೆ ಸಾಲ ಕೊಡೋದು ಸಂಘದ ಹೆಸರಿಗೆ, ಒಬ್ಬರು ಕಟ್ದೇ ಹೋದ್ರೂ ಎಲ್ಲರ ತಲೆಗೆ ಬರುತ್ತೆ. ಆದ್ರೆ ಹೆಂಗೆ ಕೇಳ್ಬೇಕು ಅನ್ನೋದು ಆ ಐದ್ರಲ್ಲಿ ಇಲ್ಲ.

ಇನ್ನೊಂದು ತಲೆನೋವು ಅಂದ್ರೆ ಸಾಲ ಯಾರಿಗೆ ಮೊದ್ಲು ಅನ್ನೋದು. ಜೋರು ಬಾಯಿ ಇರೋರಿಗೇ ಸಿಗ್ತಿತ್ತು, ಉಳಿದೋರು ಸಭೇಲಿ ಹೂಂ ಅಂದು ದಾರೀಲಿ ಹೋಗ್ತಾ ಗೊಣಗೋದು. ಆಮೇಲೆ ಒಂದು ಸುತ್ತು ಎಲ್ಲರೂ ಮಾತಾಡ್ಬೇಕು ಅಂತ ಮಾಡಿದ್ವಿ, ಯಾವತ್ತೂ ಬಾಯಿ ಬಿಡದೋರಿಂದ ಶುರು. ಮೊದಲ ಎರಡು ತಿಂಗಳು ಎಲ್ಲರೂ "ನೀವೆಂಗೆ ಹೇಳ್ತೀರೋ ಹಂಗೆ" ಅಂದ್ರು, ಸಾಕಾಗೋಯ್ತು. ಒಂದಿನ ಪೆಟ್ಟಿಗೇಲಿ 12,000 ಇತ್ತು, ಮೂರು ಜನ ಕೇಳಿದ್ರು, ಹೆಬ್ಬೆಟ್ಟು ಒತ್ತೋ ಅಜ್ಜಿ ಒಬ್ರು, ಅವರೂ ಆ ಮೂರರಲ್ಲಿ ಒಬ್ರು, "ಅವಳ ಮಗೀನ ಸ್ಕೂಲ್ ಫೀಸು ಕಾಯಲ್ಲ, ನನ್ನ ಕುರಿ ಮುಂದಿನ ತಿಂಗ್ಳು ತಗೊಂಡ್ರಾಯ್ತು" ಅಂದ್ಬಿಟ್ರು. ಅರ್ಧ ಗಂಟೆ ಜಗಳ ಆಗ್ಬೇಕಿದ್ದದ್ದು ಎರಡು ನಿಮಿಷಕ್ಕೆ ಮುಗೀತು.

ಎಲ್ಲಾ ಸರಿಹೋಯ್ತು ಅಂತ ಅಲ್ಲ. ಮೂಲೆಮನೆ ಅಕ್ಕ ವಾಪಸ್ ಬಂದ್ರು, ಆದ್ರೆ ಆಗ ಬಿಟ್ಟು ಹೋದ ಒಬ್ರು ಬರ್ಲೇ ಇಲ್ಲ. ಅವರ ಉಳಿತಾಯ ಪೈಸೆ ಬಿಡದೆ ಲೆಕ್ಕ ಮಾಡಿ ಕೊಟ್ವಿ. ಈಗ್ಲೂ ಬಸ್‌ಸ್ಟ್ಯಾಂಡಲ್ಲಿ ಸಿಕ್ರೆ ಆ ಕಡೆ ತಿರುಗಿ ನಿಲ್ತಾರೆ, ನಾನು ಊಟ ಆಯ್ತಾ ಅಂತ ಕೇಳ್ತೀನಿ, ಒಂದೊಂದ್ಸಲ ಹೂಂ ಅಂತಾರೆ.